ಆಯಿ, ಆ ಪ್ರಶ್ನೆಗೆ ನೀನೇ ಉತ್ತರ ಹೇಳು

ಎರಡನೆಯ ಕಾರ್ತಿಕ, ಮೂವತ್ತೆಂಟನೆಯ ದಿನ, ಕ್ರಿ.ಶ. 2189
ಮೇಲ್ಧಾರವಾಡ

ಧಾರವಾಡದ ನೀಲಗಂಗವ್ವ ಆಯಿಗೆ, ನಿನ್ನ ಮರಿಮಗಳ ಮರಿಮಗಳು ಇಳೆ ಮಾಡುವ ಶರಣುಗಳು.

ತಾರೀಖು ಕಂಡು ಗಾಬರಿಯಾಗಬೇಡ, ತಿಂಗಳುಗಳನ್ನು ನಾವು ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಧ್ವನಿಗೂಡಿನಲ್ಲಿ ಕಲಿತವಳು. ಧ್ವನಿಗೂಡೆಂದರೆ ನಿಮ್ಮ ಫೋನುಗಳಲ್ಲಿ ಉಳಿದ ಮಾತುಗಳನ್ನೆಲ್ಲ ಕೂಡಿಟ್ಟ ಮನೆ. ಅಲ್ಲಿ ನಿನ್ನ ದನಿಯನ್ನೂ ಕೇಳಿದೆ. ಕೇಳಿದಾಗಿನಿಂದ ನನಗೆ ತಲೆ ಕೆಟ್ಟಿದೆ.

ಪೊರೆ ಬಂದ ಕಣ್ಣಿನ ಲೆನ್ಸ್ ಬದಲಿಸಿಕೊಳ್ಳಲು ನೀನು ಪರದೇಶಕ್ಕೆ ಹೋಗಬೇಕೋ ಬೇಡವೋ ಎಂದು ನಿಮ್ಮ ಮನೆಯಲ್ಲಿ ತಿಂಗಳಿಂದ ಪಂಚಾಯಿತಿ ನಡೆದಿದೆ. ಎದುರುಮನೆಯ ಸುಲೋಚನಾಬಾಯಿ ಅಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, "ಕನ್ನಡಕ ಎಲ್ಲಿಟ್ಟೀನಿ ಅನ್ನೋದ ಮರ್ತೀನ್ರಿ" ಎಂದದ್ದೇ ಇದಕ್ಕೆಲ್ಲ ಮೂಲ. ನಿಮ್ಮೂರಲ್ಲೂ ಕಣ್ಣಿನ ಡಾಕ್ಟರು ಇದ್ದಾರೆ, ನಿನ್ನ ಭಾಷೆಯಲ್ಲೇ ಮಾತಾಡುತ್ತಾರೆ. ಆದರೆ ಹಿತ್ತಲ ಗಿಡ ಮದ್ದಲ್ಲ! ಹಾಲಿನವನಿಂದ ಹಿಡಿದು ಎಲ್ಲರೂ ಅಭಿಪ್ರಾಯ ಕೊಟ್ಟಾಯಿತು. ನಿನಗೆ ಏನು ಕಾಣಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ.

ನಮ್ಮಲ್ಲಿ ಇದು ಅರ್ಧ ಗಂಟೆಯ ಕೆಲಸ. ಓಣಿಗೊಂದು ಕಣ್ಣುಕಟ್ಟೆ ಇದೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋಗಿ, ಲೆನ್ಸ್ ಬದಲಿಸಿಕೊಂಡು, ಬರುವಾಗ ಕೊತ್ತಂಬರಿ ತರುತ್ತೇವೆ. ಆದರೆ ಕಟ್ಟೆಯವರದು ಒಂದೇ ಕಟ್ಟುನಿಟ್ಟು: ನಂಟರೆಲ್ಲ ಹೊರಗೆ. ದಿನವೂ ಯಾವ ಕೆಲಸ ಮಾಡುತ್ತೀರಿ, ಕಣ್ಣಿಂದ ಎಷ್ಟು ದೂರದಲ್ಲಿ, ಎಂಬ ಪ್ರಶ್ನೆಗೆ ಕಣ್ಣಿನ ಒಡೆಯರೇ ಬಾಯಿಬಿಟ್ಟು ಉತ್ತರಿಸಬೇಕು.

ಅದೇ ಪ್ರಶ್ನೆಯನ್ನು ಬರುವ ಗುರುವಾರ ಆ ಪರದೇಶದ ಆಸ್ಪತ್ರೆಯವರು ಫೋನಿನಲ್ಲಿ ಕೇಳುತ್ತಾರೆ. ನಿನ್ನ ಅಳಿಯ ಶಿವಯೋಗಿ ಒಳ್ಳೆಯವನೇ, ಆದರೆ "ನಮ್ಮ ಅತ್ತಿಯವರಿಗೆ ಟಿವಿ ಕಂಡ್ರ ಸಾಕ್ರೀ" ಎಂದುಬಿಡುತ್ತಾನೆ. ನೀನು ಅಳಿಯನ ಎದುರು ಹೇಗೆ ಮಾತಾಡುವುದೆಂದು ಸೆರಗು ಹೊದ್ದು ಬಾಗಿಲ ಹಿಂದೆ ನಿಂತು, "ನಿಮಗ ತಿಳಿದ್ಹಂಗ ಹೇಳ್ರಿ" ಎನ್ನುತ್ತೀ. ಆಯಿ, ಕಣ್ಣು ಯಾರದು?

ನಲವತ್ತು ವರ್ಷ ಬಟ್ಟೆಯ ಎಳೆ ಎಣಿಸಿ ಕಸೂತಿ ಹಾಕಿದವಳು ನೀನು. ನಿನಗಿನ್ನೂ ಬರಬೇಕಾದ ಆ ಗುರುವಾರ ನನ್ನ ಲೆಕ್ಕದಲ್ಲಿ ಆಗಿಹೋಗಿದೆ: ಅಷ್ಟನ್ನು ಹೇಳಲು ನಿನಗೆ ನಾಲಿಗೆ ಹೊರಳಲಿಲ್ಲ. ಆಸ್ಪತ್ರೆಯವರು ದೂರಕ್ಕೆ ಹೊಂದುವ ಲೆನ್ಸ್ ಹಾಕಿದರು. ಅವರ ತಪ್ಪೇನಿಲ್ಲ, ಹೇಳಿದ್ದನ್ನು ಮಾಡಿದರು. ಊರಿಗೆ ಮರಳಿದ ಮೇಲೆ ಬೀದಿ ಕೊನೆಯ ಅಂಗಡಿಯ ಬೋರ್ಡು ಓದುತ್ತೀ, ಕೈಯಲ್ಲಿನ ಎಳೆ ಕಾಣುವುದಿಲ್ಲ. ಹತ್ತಿರದ ಕೆಲಸಕ್ಕೆ ಕನ್ನಡಕ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಅದಕ್ಕೂ ನಿನ್ನದೊಂದು ಮಾತು ಧ್ವನಿಗೂಡಿನಲ್ಲಿದೆ: "ಪರದೇಶಕ್ಕ ಹೋಗಿ ಬಂದು ಮತ್ತ ಕನ್ನಡಕಾ? ಮಂದಿ ನಗತಾರ." ಮಂದಿಗೆ ಹೆದರಿ ಸೂಜಿಯನ್ನೇ ಎತ್ತಿಟ್ಟೆ.

ನೀನು ಎತ್ತಿಟ್ಟ ಕಪ್ಪು ಸೀರೆ ಈಗ ನನ್ನ ತೊಡೆಯ ಮೇಲಿದೆ. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ನೀನು ಅದರ ಸೆರಗಿನಲ್ಲಿ ತೊಟ್ಟಿಲಿನ ಕಸೂತಿ ಹಾಕುತ್ತಿದ್ದೆ. ನಿಮ್ಮ ಕಸೂತಿಯ ಕ್ರಮ ನಿನಗೇ ಗೊತ್ತು: ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟದ್ದನ್ನು ಮರಳಿ ಬರುವಾಗ ತುಂಬುತ್ತದೆ. ಈ ಸೀರೆಯಲ್ಲಿ ಸೂಜಿ ಹೋಗಿದೆ, ಮರಳಿಲ್ಲ. ಬಸುರಿ ಮಗಳು ಅಂಗಡಿಯ ಸೀರೆ ಉಟ್ಟು ಆರತಿಗೆ ಕುಳಿತಳು, ನೀನು ಅಡುಗೆಮನೆಯಲ್ಲಿ ಕಣ್ಣೀರು ಹಾಕಿದೆ. ನಮ್ಮಲ್ಲಿ ಎಳೆಗಣಿ ಎಂಬ ಯಂತ್ರವಿದೆ, ನಿಮಿಷದಲ್ಲಿ ತುಂಬಿಕೊಡುತ್ತದಂತೆ. ಸೀರೆ ಮುಟ್ಟಬೇಡ ಎಂದು ನಾನು ಅದನ್ನು ಗದರಿಸಿ ಕಳಿಸಿದೆ. ತುಂಬುವುದು ನಿನ್ನ ಕೈಯ ಕೆಲಸ.

ಪರದೇಶಕ್ಕೆ ಹೋಗು, ಇಲ್ಲವೇ ಊರಲ್ಲೇ ಮಾಡಿಸಿಕೋ, ನಾನು ಅಡ್ಡ ಬರುವುದಿಲ್ಲ. ಗುರುವಾರ ಮಾತ್ರ ಬಾಗಿಲ ಹಿಂದಿನಿಂದ ಈಚೆ ಬಾ. ಅಳಿಯನ ಕೈಯಿಂದ ಫೋನು ತೆಗೆದುಕೊಂಡು, ನನಗೆ ಎಳೆ ಕಾಣಬೇಕು, ಮೊಳದಷ್ಟು ಹತ್ತಿರದಲ್ಲಿ ಎಂದು ಹೇಳು. ಸೆರಗು ಬೇಕಾದರೆ ತಲೆಯ ಮೇಲೇ ಇರಲಿ.

ಸೀರೆಯನ್ನು ಮಡಿಸಿಡುತ್ತಿದ್ದೇನೆ. ಶುಕ್ರವಾರ ಮತ್ತೆ ಬಿಚ್ಚಿ ನೋಡುತ್ತೇನೆ. ತೊಟ್ಟಿಲು ತುಂಬಿದ್ದರೆ, ನೀನು ಮಾತಾಡಿದೆ ಎಂದು ತಿಳಿಯುತ್ತೇನೆ.