ದೌಲಪ್ಪನ ಕಪ್ಪು ಕನ್ನಡಕ

ಐವಾನ್-ಎ-ಶಾಹಿ, ಕಲಬುರಗಿ
ಶುಕ್ರವಾರ

ಕಮಲಾಪುರದ ಶಿವಕಾಂತಮ್ಮ ಅವ್ವನವರಿಗೆ ಸುಮಧ್ವನ ನಮಸ್ಕಾರಗಳು.

ದೌಲಪ್ಪನನ್ನು ಮಣ್ಣು ಮಾಡಿದ ದಿನ ನೀವು ನನ್ನ ಕೈ ಹಿಡಿದು, “ನೀ ಬ್ಯಾಡ ಅಂದಿರ್ತಿ ಯಪ್ಪಾ, ಅಂವ ಕೇಳಿರಂಗಿಲ್ಲ. ಹುಟ್ಟಾ ಮೊಂಡ ನನ್ನ ಮಗ” ಎಂದಿರಿ. ನಿಜ ಹೇಳದೆ ನಾನು ಕಲಬುರಗಿಗೆ ಬಂದುಬಿಟ್ಟೆ.

ನಾನು ಬೇಡ ಅಂದಿರಲಿಲ್ಲ. ಹಿಮಾಲಯದ ನಮ್ಮ ಹತ್ತು ದಿನದ ನಡಿಗೆಯಲ್ಲಿ ಆ ಹಿಮದ ಬೆಟ್ಟ ಸೇರಿರಲಿಲ್ಲ. ದಾರಿಯಿಂದ ಅದನ್ನು ಕಂಡು, ಒಂದು ದಿನ ಹತ್ತಿ ಬರೋಣವೆಂದು ಹಟ ಹಿಡಿದವನು ನಾನು. ಹತ್ತುವಾಗ ನನ್ನ ಕಪ್ಪು ಕನ್ನಡಕ ಒಡೆಯಿತು. ದೌಲಪ್ಪ ತನ್ನದನ್ನು ತೆಗೆದು ನನಗೆ ಹಾಕಿದ.

“ನಿನ್ನ ಕಣ್ಣು ಪುಸ್ತಕ ಓದಾಕ ಬೇಕಲೇ ಪಂಡಿತ. ನಾ ಕಲಬುರಗಿ ಬಿಸಲಾಗ ಬೆಳದಾಂವ, ಈ ಥಂಡಿ ಬಿಸಲು ನನಗೇನ್ ಮಾಡ್ತದ?”

ಹಿಮದ ಮೇಲಿನ ಬಿಸಿಲೂ ಕಣ್ಣು ಸುಡುತ್ತದೆಂದು ನಾನೂ ನಂಬಲಿಲ್ಲ. ಇಳಿಯುವಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಏನೂ ಕಾಣದೆ ಕಾಲು ಜಾರಿದ.

ಕನ್ನಡಕ ನನ್ನ ಹತ್ತಿರವೇ ಇದೆ. ಸೋಮವಾರ ಕಮಲಾಪುರಕ್ಕೆ ತರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬಾಗಿಲು ಹಾಕಿಕೊಳ್ಳಿ, ಹೊರಗಿನ ಕಟ್ಟೆಯ ಮೇಲಿಟ್ಟು ಹೋಗುತ್ತೇನೆ.

ಊರಲ್ಲಿ ಅವನನ್ನು ಮೊಂಡ ಎಂದವರಿಗೆಲ್ಲ ಈ ಪತ್ರ ಓದಿಸಿ.

ನಿಮ್ಮ ಮನೆಯಲ್ಲಿ ಉಂಡ,
ಸುಮಧ್ವ