‘ನೋಡಾನ ಬುಡಕ್ಕ’ಕ್ಕೆ ಚೌಕವಿಲ್ಲ

೧೨-೧-೧೯೮೧, ಸೋಮವಾರ

ಕ್ಷಯ ಇರುವವರ ಹದಿನಾಲ್ಕು ಮನೆ ಮುಗಿಯಿತು. ಚಪ್ಪಲಿ ಮತ್ತೆ ಕಿತ್ತುಹೋಯಿತು. ಕೇಳುವುದು ಒಂದೇ — ಕ್ಷಯದ ಮಾತ್ರೆ ವರ್ಷ ಪೂರ್ತಿ ನುಂಗುತ್ತೀರಾ? ಫಾರಂನಲ್ಲಿ ಎರಡೇ ಚೌಕ. ಹೌದು. ಇಲ್ಲ. ಜನ ಹೇಗೆ ತೀರ್ಮಾನ ಮಾಡುತ್ತಾರೆ, ಏಕೆ ಬದಲಾಗುತ್ತಾರೆ ಅಂತ ಶೈಲಜಾ ಮೇಡಂ ರಿಸರ್ಚ್.

ಹೂ ಕಟ್ಟುವ ಪಿಳ್ಳಮ್ಮ ಎರಡೂ ಹೇಳಲಿಲ್ಲ. "ನೋಡಾನ ಬುಡಕ್ಕ" ಅಂದರು. ಅದರರ್ಥ ನನಗೆ ಗೊತ್ತಿಲ್ಲವೆ? ನನ್ನನ್ನು ನೋಡಲು ಬಂದ ನಾಲ್ಕು ಗಂಡಿನವರೂ ‘ನೋಡೋಣ’ ಅಂತಲೇ ಎದ್ದು ಹೋದದ್ದು.

ಚೌಕ ಖಾಲಿ ಬಿಟ್ಟೆ. ತಪ್ಪೋ ಏನೋ...

೧೩-೧-೮೧

ತಪ್ಪೇ. ಶೈಲಜಾ ಮೇಡಂ ಕರೆಸಿದರು.

"ಇಲ್ಲ ಅಂದ್ರಾ?"

"ಅನ್ಲಿಲ್ಲ ಮೇಡಂ, ಆದ್ರೆ..."

"ಮತ್ತೆ ಹೌದು ಹಾಕಿ ಅಂಜಿನಮ್ಮ. ಖಾಲಿ ಬಿಟ್ರೆ ಕಂಪ್ಯೂಟರಿಗೆ ಕಾರ್ಡ್ ಪಂಚ್ ಮಾಡೋರು ತಗೊಳಲ್ಲ."

ಏಳನೇ ಕ್ಲಾಸ್ ಬಿಟ್ಟವಳು ಪಿಎಚ್‌ಡಿಗೆ ಕನ್ನಡ ಕಲಿಸುವುದೆ? ‘ಹೌದು’ ಚೌಕಕ್ಕೆ ಗೀಟು ಹಾಕಿದೆ.

೨೦-೧-೮೧

ಇವತ್ತು ತಿಳಿಯಿತು. ‘ಇಲ್ಲ’ ಅಂದವರ ಮನೆಗೆ ಮಾತ್ರ ನರ್ಸ್ ವಾರ ವಾರ ಹೋಗಿ ಮಾತ್ರೆ ನುಂಗಿಸುತ್ತಾರಂತೆ. ‘ಹೌದು’ಗಳಿಗೆ ಯಾರೂ ಇಲ್ಲ.

೯-೩-೮೧

ಗಾಂಧಿ ಬಜಾರಿನಲ್ಲಿ ಪಿಳ್ಳಮ್ಮ. ಅರ್ಧ ಆಗಿದ್ದಾರೆ. ಸೆರಗಿನಲ್ಲಿ ಕೆಮ್ಮು.

"ಮಾತ್ರೆ?"

"ಸಂಕ್ರಾಂತಿಗೇ ಬುಟ್ಟೆ. ನುಂಗಿದ್ರೆ ವಾಕರಿಕೆ, ಹೂವಿನ ವಾಸ್ನೆನೇ ಆಗಾಕಿಲ್ಲ. ಹೂವ ಬುಟ್ಟು ಏನ್ ಕಟ್ಲಿ, ನಿನ್ ಇಲಿಬಾಲದ ಜಡೆನಾ?" ನಕ್ಕರು, ಕೆಮ್ಮಿದರು. "ಅವತ್ತೇ ಬ್ಯಾಡ ಅಂದಿದ್ನಲ್ಲಕ್ಕ. ಬರ್ಕೊಳ್ಲಿಲ್ವಾ?"

"ಬರ್ಕೊಂಡೆ" ಅಂದೆ.

೧೦-೩-೮೧

ಧೈರ್ಯ ಮಾಡಿ ಮೇಡಂಗೆ ಹೇಳಿದೆ. ತಿದ್ದಿಬಿಡಿ, ನರ್ಸ್ ಕಳಿಸಿ ಅಂತ.

"ಈಗ ತಿದ್ದಿದ್ರೆ ಸ್ಟಡಿ ಕೆಡತ್ತೆ. ಹೌದು ಅಂದೋರು ಯಾಕೆ ಬಿಡ್ತಾರೆ ಅನ್ನೋದೇ ನಮ್ ಪ್ರಶ್ನೆ. ಒಳ್ಳೇ ಕೇಸ್ ಇದು."

"ಅವ್ರು ಹೌದು ಅನ್ಲೇ ಇಲ್ಲ ಮೇಡಂ."

"ಬರೆದಿರೋದು ನೀವು. ಸಹಿನೂ ನಿಮ್ದೇ."

೨-೪-೮೧, ಸಂಜೆ

ಎರಡನೇ ಫಾರಂ ಕೊಟ್ಟು ಕಳಿಸಿದರು — ‘ಮನಸ್ಸು ಬದಲಾಯಿಸಿದ್ದು ಏಕೆ?’ ಬಾಗಿಲು ತೆಗೆದದ್ದು ಪಿಳ್ಳಮ್ಮನ ತಂಗಿ ಮಾರಕ್ಕ.

"ಆಸ್ಪತ್ರೆಗೆ ಹಾಕೀವಿ. ರಕ್ತ ಕಾರ್ತಾವ್ಳೆ. ಇನ್ನೂ ಏನ್ ಕೇಳ್ಬೇಕು ನಿಮ್ಗೆ?"

ಫಾರಂ ಮಡಚಿಕೊಂಡು ಬಂದೆ. ಈಗ ಮನೆಯಲ್ಲಿ ಕೂತು ಫಾರಂನ ಹಿಂಬದಿಗೆ ಬರೆದೆ: ಇವರು ಮನಸ್ಸು ಬದಲಾಯಿಸಲಿಲ್ಲ. ಮೊದಲೇ ಬೇಡ ಎಂದಿದ್ದರು. ಸುಳ್ಳು ಗೀಟು ನನ್ನದು.

ನಾಳೆ ಮೇಡಂ ಟೇಬಲ್ ಮೇಲೆ ಇಡಬೇಕು. ಕೆಲಸ ಹೋಗುತ್ತದೆ. ಹೋಗಲಿ... ಹೋದರೆ?

ಸಹಿ ಮಾಡಲು ಹೊರಟೆ. ‘ಅಂಜಿ’ ಎನ್ನುವವರೆಗೆ ಬರೆದು ನಿಲ್ಲಿಸಿದ್ದೇನೆ. ‘ನಮ್ಮ’ ಬಾಕಿ.