ಜೈತುನಬಿಯ ಶಹನಾಯಿ, ಊರಿನ ಎಡ ಬಲ

ಬೀದರ್,
ಫೆಬ್ರವರಿ ಮೂವತ್ತು, ೨೧೯೬

ಪೂಜ್ಯ ಕಸ್ತೂರಿಬಾಯಿ ಅವರಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲಗಂಗಾ ಮಾಡುವ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ. ಪಾಪ ಅಂತ ಫೆಬ್ರವರಿಗೂ ಈಗ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಮರುಕಸುಬು ಎಂಬುದು ಅಂಥದ್ದೊಂದು ಮಾತು. ಹೊಟ್ಟೆಪಾಡಿಗಾಗಿ ಬದಿಗಿಟ್ಟ ಇಷ್ಟದ ಕೆಲಸವನ್ನು ನಡುವಯಸ್ಸಿನಲ್ಲಿ ಕೈಗೆತ್ತಿಕೊಳ್ಳುವುದನ್ನು ಹಾಗೆನ್ನುತ್ತೇವೆ. ನಾನು ನೀರು ಹಂಚುವ ಕಚೇರಿಯವಳು. ಬೆಳಗಾದರೆ ಓಣಿ ಓಣಿಯ ತೊಟ್ಟಿ ನೋಡಿ, ಯಾರ ಮನೆಗೆ ಎಷ್ಟು ನೀರು ಎಂದು ಹೇಳಿ, ಬೈಸಿಕೊಂಡು ಬರುತ್ತೇನೆ. ಮನಸ್ಸೆಲ್ಲ ಶಹನಾಯಿಯ ಮೇಲೆ. ಅದನ್ನು ಕಲಿಸಬಲ್ಲವರು ನಮ್ಮ ಸೀಮೆಯಲ್ಲಿ ಜೈತುನಬಿ ಒಬ್ಬರೇ, ಎಂಬತ್ತು ದಾಟಿದವರು.

ಕಲಿಯುವಷ್ಟು ಕಾಲ ನನ್ನನ್ನು ಸಾಕುವವರು ಯಾರು? ಹಂಬಲವೂ ಹಸಿವೇ, ಊರೇ ಹೊರಬೇಕು ಎಂದವರು ಊರ ಸಭೆಯಲ್ಲಿ ಎಡಕ್ಕೆ ಕೂತರು. ಅವರವರ ಹಂಬಲ ಅವರವರ ಮನೆಯದು, ಊರು ಅನ್ನ ಹಾಕಿದರೆ ನಾಳೆ ರಾಗವನ್ನೂ ಊರೇ ಆರಿಸುತ್ತದೆ ಎಂದವರು ಬಲಕ್ಕೆ. ನಿಮ್ಮ ಕಾಲದಲ್ಲಿ ಎಡ ಬಲಕ್ಕೆ ಇನ್ನೇನೇನೋ ಅರ್ಥವಿತ್ತಂತೆ. ನಮ್ಮಲ್ಲಿ ಉಳಿದಿರುವುದು ಇಷ್ಟೇ. ನನ್ನ ಗಂಡ ಶಿವಶರಣನೂ ಬಲಕ್ಕೇ ಕೂತ. ಮೈಯೆಲ್ಲ ಉರಿಯಿತು, ಆದರೆ ಅವನ ಮಾತೂ ಸುಳ್ಳಲ್ಲ.

ಮತ ಸರಿಸಮ ಬಂದಿತು. ಹಾಗಾದಾಗ ಎರಡೂ ಕಡೆಯವರು ಜಾಗ ಅದಲುಬದಲು ಮಾಡಿಕೊಂಡು, ಎದುರಿನವರ ವಾದವನ್ನು ತಮ್ಮದೇ ಎನ್ನುವಂತೆ ಮಂಡಿಸಬೇಕು. ದ್ವೇಷ ಹುಟ್ಟದಿರಲೆಂದು ಹಿರಿಯರು ಮಾಡಿದ ಪದ್ಧತಿ, ನಮಗೆಲ್ಲ ಅದರ ಬಗ್ಗೆ ಭಾರೀ ಹೆಮ್ಮೆ. ದ್ವೇಷವೇನೋ ಹುಟ್ಟಲಿಲ್ಲ. ಎಲ್ಲರೂ ಎಷ್ಟು ಚೆನ್ನಾಗಿ ವಾದಿಸಿದರೆಂದರೆ ಎಡದವರು ಬಲದ ಮಾತನ್ನೂ ಬಲದವರು ಎಡದ ಮಾತನ್ನೂ ನಂಬಿಬಿಟ್ಟರು; ಮತ ಮತ್ತೆ ಸರಿಸಮ. ಮತ್ತೆ ಜಾಗ ಬದಲು. ಹೀಗೇ ಎರಡು ಬೇಸಿಗೆ ಕಳೆದವು. ಜೈತುನಬಿ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಒಂದು ದಿನ ನನ್ನ ಕೈ ಹಿಡಿದು, "ನೀವು ಮಾತಾಡಿ ಮುಗಸ್ರಿ ಬೇಟಿ, ಅಲ್ಲೀತನಕ ನಾ ಉಸಿರು ಹಿಡ್ಕೊಂಡು ಕುಂದರ್ತೀನಿ" ಎಂದರು. ಎಡ ಬಲ ಎರಡೂ ಕಡೆಯವರು ನಕ್ಕರು.

ಹೋದ ವಾರ ಅವರು ತೀರಿಕೊಂಡರು. ಸಭೆ ಒಂದು ಮತವೂ ಆಚೀಚೆಯಾಗದೆ ಸಂತಾಪ ಸೂಚಿಸಿತು. ತಮ್ಮ ಶಹನಾಯಿಯನ್ನು ಅವರು ನನಗೇ ಬಿಟ್ಟುಹೋಗಿದ್ದಾರೆ. ಊದಿದರೆ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಕಲಿಯಬೇಕೆಂದು ನನಗೆ ಬಹಳ ಆಸೆಯಿತ್ತು, ಅಜ್ಜಿ.

ತೆರಿಗೆ ಕಚೇರಿ ಸೇರಿದ ಮೇಲೆ ನೀವೂ ಶಹನಾಯಿ ಕಲಿಯುವುದನ್ನು ಬಿಟ್ಟಿರೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ನೋಡೋಣ ಅಂದಿದ್ದಿರಂತೆ. ನೀವು ಯಾವ ಕಡೆಗಾದರೂ ಮತ ಹಾಕಿ, ಮನಸಾರೆ ಜಗಳವಾಡಿ. ಅದು ಬೇಡವೆನ್ನಲು ನಾನು ಯಾರು? ಆದರೆ ನೀವು ಇದನ್ನು ಓದುವ ಹೊತ್ತಿನಲ್ಲಿ ನಿಮಗೆ ಶಹನಾಯಿ ಕಲಿಸುತ್ತಿದ್ದ ಗುರುಗಳು ಇನ್ನೂ ಬದುಕಿದ್ದಾರೆ. ಇವತ್ತು ಸಂಜೆಯೇ ಅವರ ಬಳಿ ಹೋಗಿ.

ನಿಮ್ಮ
ನೀಲಗಂಗಾ